ಮಸಾಜ್ ಆದ ಮರುದಿನ ಮೈನೋವು ಏಕೆ?

ಮುಳ್ಳಯ್ಯನಗಿರಿ ಇಳಿದು ಬಂದ ಸಂಜೆಯೇ ಮಸಾಜ್ ಕೇಳುವವರು ಚಿಕ್ಕಮಗಳೂರಿನ ರೆಸಾರ್ಟು, ಹೋಂಸ್ಟೇಗಳಲ್ಲಿ ಬಹಳ. ಒಂದೆರಡು ದಿನ ಬಿಟ್ಟು ಮೆಟ್ಟಿಲು ಇಳಿಯಲಾಗದಷ್ಟು ತೊಡೆ ನೋಯುತ್ತದೆ. ಇದರಲ್ಲಿ ಬೆಟ್ಟದ ಪಾಲೂ ಇದೆ, ಥೆರಪಿಸ್ಟ್ ಕೈಯ ಪಾಲೂ ಇದೆ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಇಡೀ ಮೈಭಾರ ತಡೆಯಬೇಕು. ಹಾಗೆ ದುಡಿದ ಎಳೆಗಳು ಸೂಕ್ಷ್ಮವಾಗಿ ಘಾಸಿಗೊಳ್ಳುತ್ತವೆ, ನೋವು 24ರಿಂದ 72 ಗಂಟೆಗಳ ನಡುವೆ ಏರುತ್ತದೆ. ಅದೇ ತೊಡೆಗೆ ಅದೇ ಸಂಜೆ ಮೊಣಕೈ ಊರಿದರೆ ಘಾಸಿಯ ಮೇಲೆ ಘಾಸಿ.

ಚಾರಣ ಮಾಡಿ ಬಂದವರಿಗೆ ಆ ದಿನ ಹಗುರವಾದ, ಉದ್ದನೆಯ ನೀವುವಿಕೆ ಮಾತ್ರ ಸಾಕು. ಆಳದ ಒತ್ತಡ ಬೇಕೇ ಬೇಕೆಂದರೆ ಎರಡು ಮೂರು ದಿನ ಕಳೆದು, ಮುಟ್ಟಿದರೆ ನೋಯದ ಹಂತಕ್ಕೆ ಬಂದ ಮೇಲೆ.

ಮರುದಿನದ ನೋವಿಗೆ 'ಮೈಯೊಳಗಿನ ವಿಷ ಹೊರಬರುತ್ತಿದೆ' ಎಂದು ಸಮಾಧಾನ ಹೇಳುವ ರೂಢಿ ಮಸಾಜ್ ಮಾಡುವ ನಮ್ಮ ವೃತ್ತಿಯಲ್ಲಿ ಬೇರೂರಿದೆ. ಅದನ್ನು ಬಿಡಬೇಕು. ಆ ವಿಷವೆಂದು ಹಲವರು ಭಾವಿಸುವ ಲ್ಯಾಕ್ಟೇಟ್, ಅಂದರೆ ದುಡಿಯುವ ಸ್ನಾಯುವಿನಲ್ಲಿ ಹುಟ್ಟುವ ವಸ್ತು, ಒಂದೆರಡು ಗಂಟೆಯೊಳಗೆ ತಾನಾಗಿ ಮಾಮೂಲಿ ಮಟ್ಟಕ್ಕೆ ಇಳಿದಿರುತ್ತದೆ, ಹಿಂಡಿ ತೆಗೆಯಲು ಅಲ್ಲೇನೂ ಉಳಿದಿರುವುದಿಲ್ಲ. ನೀರು ಕುಡಿಯುವುದು ಒಳ್ಳೆಯದೇ, ಆದರೆ ಅದರಿಂದ ಈ ನೋವು ತಪ್ಪದು. ವಿಷದ ಮಾತಿನಿಂದ ದೊಡ್ಡ ನಷ್ಟವೆಂದರೆ, ಒತ್ತಡ ಹೆಚ್ಚಾಯಿತು ಎಂಬ ನಿಜ ಥೆರಪಿಸ್ಟ್‌ಗೇ ಕಾಣದೆ ಹೋಗುವುದು.

ನಿಜವಾದ ಕಾರಣ ಪ್ರಮಾಣದಲ್ಲಿದೆ: ಎಷ್ಟು ಒತ್ತಡ, ಎಷ್ಟು ಹೊತ್ತು, ಒಂದೇ ಜಾಗಕ್ಕೆ ಎಷ್ಟು ಸಲ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನೋವನ್ನು ಹೇಳಲು ಕೇಳಿ. ಐದು ಆರರೊಳಗೆ ಇರಲಿ. ಮೊದಲ ಸಲ ಬಂದವರಿಗೆ ನಾಲ್ಕು ಸಾಕು. ಅಂಕಿಗಿಂತ ಮೈಯನ್ನೇ ಹೆಚ್ಚು ನಂಬಿ. ಉಸಿರು ಹಿಡಿದರೆ, ಕಾಲ್ಬೆರಳು ಮಡಚಿದರೆ, ಭುಜ ಕಿವಿಯತ್ತ ಎದ್ದರೆ ಸ್ನಾಯು ನಿಮ್ಮ ಕೈಯನ್ನು ಎದುರಿಸಿ ಬಿಗಿಯುತ್ತಿದೆ. ಬಿಗಿದ ಸ್ನಾಯುವನ್ನು ಇನ್ನೂ ಜೋರಾಗಿ ಒತ್ತುವುದರಿಂದಲೇ ಮರುದಿನದ ನೋವು ಹುಟ್ಟುವುದು ಹೆಚ್ಚು. 'ಇನ್ನೂ ಜೋರಾಗಿ ಒತ್ತಿ' ಎಂದು ಅವರೇ ಹೇಳಿದರೂ ನಿರ್ಧಾರ ನಿಮ್ಮದು.

ಆಳಕ್ಕೆ ಇಳಿಯುವ ಮುನ್ನ ಆ ಭಾಗವನ್ನು ಐದರಿಂದ ಎಂಟು ನಿಮಿಷ ಅಂಗೈಯಿಂದ ಬೆಚ್ಚಗಾಗಿಸಿ. ಚಳಿಗಾಲದ ಮಲೆನಾಡಿನ ಬೆಳಗಿನಲ್ಲಿ ತಣ್ಣನೆಯ ಎಣ್ಣೆ ತಾಗಿದರೆ ಸಾಕು, ಮೈ ಬಿಗಿದುಕೊಳ್ಳುತ್ತದೆ. ಕೋಣೆ ಬೆಚ್ಚಗಿರಲಿ, ಎಣ್ಣೆಯನ್ನು ನಿಮ್ಮ ಮಣಿಕಟ್ಟಿನ ಒಳಬದಿಗೆ ಹಾಕಿ ನೋಡಿ. ಎಣ್ಣೆ ಕಡಿಮೆಯಾದರೆ ಚರ್ಮ ಎಳೆದು ಉರಿಯುತ್ತದೆ, ಅದೂ ಮೈನೋವೆಂದೇ ಅನಿಸುತ್ತದೆ. ಗಂಟಿನಂಥ ಬಿಗಿ ಸಿಕ್ಕಾಗ ಹೆಬ್ಬೆರಳಿನಿಂದ ಉಜ್ಜಬೇಡಿ. 30ರಿಂದ 60 ಸೆಕೆಂಡು ಸ್ಥಿರವಾಗಿ ಒತ್ತಿಹಿಡಿದು, ಸಡಿಲಿಸಿ ಸುತ್ತ ನೀವಿ. ಒಂದೇ ಬಿಂದುವಿಗೆ ಎರಡು ಮೂರು ಸಲ ಸಾಕು. ಅಷ್ಟಕ್ಕೂ ಸಡಿಲವಾಗದಿದ್ದರೆ ಇನ್ನೊಂದು ದಿನಕ್ಕೆ ಬಿಡಿ. ಅಗಲ ಜಾಗಗಳಿಗೆ ಮುಂಗೈ ಬಳಸಿದರೆ ಒತ್ತಡ ಹರಡುತ್ತದೆ, ನಿಮ್ಮ ಹೆಬ್ಬೆರಳಿನ ಕೀಲೂ ಉಳಿಯುತ್ತದೆ.

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬರುವ ಕಾರ್ಮಿಕರ ವಿಷಯ ಬೇರೆಯೇ. ದಿನವಿಡೀ ಕೊಂಬೆ ಬಗ್ಗಿಸಿ ಹಣ್ಣು ಬಿಡಿಸುವ ಮುಂಗೈ, ಭುಜ, ಚೀಲ ಹೊತ್ತ ಸೊಂಟ ಮೊದಲೇ ದಣಿದಿರುತ್ತವೆ. ಮರುದಿನ ಬೆಳಿಗ್ಗೆ ಮತ್ತೆ ತೋಟಕ್ಕೆ ಇಳಿಯಬೇಕು. ನಮ್ಮ ಕೈಯಿಂದ ಹೆಚ್ಚಿದ ನೋವಿಗೆ ಅವರು ಒಂದು ದಿನದ ಕೂಲಿ ಕಳೆದುಕೊಳ್ಳಬಾರದು. ಆಳದ ಮಸಾಜ್ ಏನಿದ್ದರೂ ರಜೆಯ ಹಿಂದಿನ ಸಂಜೆಗೇ ಇಡಿ. ರಾತ್ರಿ ಬೆರಳು ಜೋಮು ಹಿಡಿಯುತ್ತದೆ ಎಂದರೆ ಮಣಿಕಟ್ಟಿನ ನರ ಒತ್ತಿರಬಹುದು. ಮುಂಗೈ ಹಿಂಡಬೇಡಿ, ವೈದ್ಯರಿಗೆ ತೋರಿಸಲು ಹೇಳಿ.

ಮೊದಲೇ ಕೇಳಬೇಕಾದ್ದು ಮಾತ್ರೆಗಳ ಬಗ್ಗೆ. ವಾರ್ಫರಿನ್, ಕ್ಲೊಪಿಡೊಗ್ರೆಲ್‌ನಂಥ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ ಇದ್ದರೆ ಸ್ವಲ್ಪ ಒತ್ತಿದರೂ ಮೈ ನೀಲಿಗಟ್ಟುತ್ತದೆ. ನೋವಿನ ಮಾತ್ರೆ ನುಂಗಿದವರಿಗೆ, ಮದ್ಯ ಸೇವಿಸಿದವರಿಗೆ, ಮಧುಮೇಹದಿಂದ ಪಾದದ ಸ್ಪರ್ಶ ಕುಂದಿದವರಿಗೆ 'ಸಾಕು' ಎಂದು ಹೇಳುವ ಸೂಚನೆಯೇ ಮೈಯಿಂದ ಬರುವುದಿಲ್ಲ. ಅವರ ಅಂಕಿಯನ್ನು ನಂಬಿ ಒತ್ತುವಂತಿಲ್ಲ. ಮದ್ಯ ಸೇವಿಸಿ ಬಂದವರಿಗೆ ಅಂದು ಮಸಾಜ್ ಬೇಡ.

ಇಷ್ಟೆಲ್ಲ ನೋಡಿಕೊಂಡರೂ ಕೆಲವರಿಗೆ ಸಣ್ಣ ನೋವು ಬರುತ್ತದೆ. ಎರಡು ದಿನದೊಳಗೆ ಇಳಿಯುವ ನೋವಿಗೆ ಬಿಸಿನೀರಿನ ಸ್ನಾನ, ಸ್ವಲ್ಪ ನಡಿಗೆ ಸಾಕು. ನೀಲಿಗಟ್ಟಿದ್ದರೆ ಮೊದಲ ದಿನ ಶಾಖ ಬೇಡ, ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು 10ರಿಂದ 15 ನಿಮಿಷ ಇಡಲಿ. ಮೂರು ದಿನ ದಾಟಿದರೂ ನೋವು ಇಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾದರೆ ಅಥವಾ ಮೂತ್ರ ಕಾಫಿ ಡಿಕಾಕ್ಷನ್‌ನಂತೆ ಕಪ್ಪಾದರೆ ತಡಮಾಡದೆ ಆಸ್ಪತ್ರೆಗೆ ಹೋಗಲಿ. ಇದನ್ನು ಕಳಿಸಿಕೊಡುವಾಗಲೇ ಹೇಳಿಬಿಡಿ. ಯಾವ ಜಾಗಕ್ಕೆ ಎಷ್ಟು ಒತ್ತಿದಿರಿ ಎಂದು ಬರೆದಿಟ್ಟುಕೊಂಡು, ಮರುದಿನ ಫೋನ್ ಮಾಡಿ ವಿಚಾರಿಸಿ. ನೋವಾಗಿದೆ ಎಂದರೆ ಮುಂದಿನ ಸಲ ಅದೇ ಜಾಗಕ್ಕೆ ಎರಡು ಅಂಕ ಕಡಿಮೆ ಒತ್ತಿ.