ಪದ ಪರಿಚಯ: ಸಾಂದ್ರತೆ, ಸಾರತೆ

‘ಆಮ್ಲದ ಸಾಂದ್ರತೆ ಹೆಚ್ಚಿದಂತೆ ಕ್ರಿಯೆಯ ವೇಗವೂ ಹೆಚ್ಚುತ್ತದೆ.’ ಪಿಯುಸಿ ನೋಟ್ಸುಗಳಲ್ಲಿ, ಕನ್ನಡಕ್ಕೆ ತಂದ ಪ್ರಶ್ನೆಗಳಲ್ಲಿ, ಪತ್ರಿಕೆಗಳ ವಿಜ್ಞಾನ ಪುಟಗಳಲ್ಲಿ ಈ ಧಾಟಿಯ ವಾಕ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಹೇಳಬೇಕಿದ್ದದ್ದು ಸಾರತೆ (ಕಾನ್ಸಂಟ್ರೇಶನ್, ದ್ರಾವಣದಲ್ಲಿ ಕರಗಿದ ವಸ್ತು ಎಷ್ಟಿದೆ ಎಂಬುದು), ಬರೆದದ್ದು ಸಾಂದ್ರತೆ (ಡೆನ್ಸಿಟಿ). ಓದುವವರು ಹೇಗೋ ಅರ್ಥ ಮಾಡಿಕೊಳ್ಳುತ್ತಾರೆ, ಬಿಡಿ ಎನ್ನುವಂತಿಲ್ಲ. ಭೌತಶಾಸ್ತ್ರದ ಪೀರಿಯಡ್ಡಿನಲ್ಲಿ ‘ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸು’ ಎಂದು ಕಲಿತ ಪದವೇ ಮುಂದಿನ ಪೀರಿಯಡ್ಡಿನಲ್ಲಿ ‘ಲೀಟರಿಗೆ ಎಷ್ಟು ಮೋಲ್’ (ಮೋಲ್ ಎಂದರೆ ಕಣಗಳನ್ನು ಎಣಿಸುವ ಅಳತೆ) ಆಗಿಬಿಟ್ಟರೆ, ಲೆಕ್ಕ ಬಿಡಿಸಲು ಕೂತ ಹುಡುಗಿ ಯಾವುದನ್ನು ಹಿಡಿಯಬೇಕು?

ಗೊಂದಲದ ಬೇರು ಪದದಲ್ಲೇ ಇದೆ. ಸಂಸ್ಕೃತದ ‘ಸಾಂದ್ರ’ ಎಂದರೆ ಒತ್ತೊತ್ತಾದದ್ದು, ಗಟ್ಟಿಯಾದದ್ದು. ಅಂಟಂಟಾದದ್ದು, ಜಿಡ್ಡಾದದ್ದು ಎಂಬ ಅರ್ಥವೂ ಉಂಟು. ತೀವ್ರವಾದದ್ದು ಎಂದೂ ಆಗುತ್ತದೆ. ಆಯುರ್ವೇದ ಹೇಳುವ 20 ಗುಣಗಳನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟ. ಅಲ್ಲಿ ಗುಣಗಳು ಜೋಡಿಜೋಡಿಯಾಗಿ ಬರುತ್ತವೆ: ಗುರು–ಲಘು ಒಂದು ಜೋಡಿ, ಸ್ನಿಗ್ಧ–ರೂಕ್ಷ ಇನ್ನೊಂದು, ಸಾಂದ್ರ–ದ್ರವ ಮತ್ತೊಂದು. ಅಂದರೆ ಸಾಂದ್ರಕ್ಕೆ ಎದುರಾಗಿ ನಿಂತದ್ದು ಹರಿಯುವ ಗುಣ, ಹಗುರವಲ್ಲ. ಭಾರ–ಹಗುರದ ವಿಚಾರಕ್ಕೆ ಬೇರೆಯೇ ಜೋಡಿ ಇತ್ತು. ಇಂದಿನ ವಿಜ್ಞಾನದ ಕನ್ನಡ ಈ ಹಳೆಯ ಪದಗಳನ್ನೇ ಎತ್ತಿಕೊಂಡು ಹೊಸ ಕೆಲಸ ಹಚ್ಚಿತು. ಸಾಂದ್ರತೆ ಎಂದರೆ ಒಂದು ಗಾತ್ರದಲ್ಲಿ ಎಷ್ಟು ದ್ರವ್ಯರಾಶಿ ಎಂದಾಯಿತು. ಸ್ನಿಗ್ಧತೆ ಎಂದರೆ ದ್ರವ ಹರಿಯಲು ಒಡ್ಡುವ ತಡೆ ಎಂದಾಯಿತು. ಕೆಲಸ ಬದಲಾದರೂ ಹಳೆಯ ಅರ್ಥದ ವಾಸನೆ ಹೋಗಿಲ್ಲ.

‘ಸಾರ’ದ ಕಥೆ ನೇರ. ಸಾರ ಎಂದರೆ ತಿರುಳು, ಸತ್ವ. ರಿಕ್ತ ಎಂದರೆ ಬರಿದು. ಸತ್ವ ಕಡಿಮೆಯಾಗುವಂತೆ ನೀರು ಬೆರೆಸಿದ ಆಮ್ಲ ಸಾರರಿಕ್ತ ಆಮ್ಲ. ಈ ಪದವನ್ನು ಹೈಸ್ಕೂಲಿನಿಂದಲೇ ಎಲ್ಲರೂ ಸಲೀಸಾಗಿ ಬಳಸುತ್ತಾರೆ. ಸಾರರಿಕ್ತ ಎನ್ನಲು ಬರುವವರಿಗೆ ಸಾರತೆ ಎನ್ನಲು ಯಾಕೆ ಬಾಯಿ ಬರುವುದಿಲ್ಲ ಎಂಬುದು ನಿಜಕ್ಕೂ ಬೇಸರದ ವಿಷಯ.

ಮನೆಮಾತಿನ ‘ಗಟ್ಟಿ’ಯೂ ಇಲ್ಲಿ ಕೈಹಾಕುತ್ತದೆ. ಗಟ್ಟಿ ಡಿಕಾಕ್ಷನ್ ಎಂದಾಗ ನಾವು ಹೇಳುತ್ತಿರುವುದು ಸಾರತೆ. ಹರಳೆಣ್ಣೆ ಗಟ್ಟಿ ಎಂದಾಗ ಸ್ನಿಗ್ಧತೆ. ಕಬ್ಬಿಣ ಗಟ್ಟಿ ಎಂದಾಗ ಕಾಠಿಣ್ಯ. ಈ ಮೂರರಲ್ಲಿ ಒಂದೂ ಸಾಂದ್ರತೆಯಲ್ಲ. ಹರಳೆಣ್ಣೆಯ ಸಾಂದ್ರತೆ ಮಿಲಿಲೀಟರಿಗೆ ಸುಮಾರು 0.96 ಗ್ರಾಂ, ನೀರಿಗಿಂತ ನೂರಾರು ಪಟ್ಟು ನಿಧಾನವಾಗಿ ಹರಿದರೂ ಅದು ನೀರಿನ ಮೇಲೆ ತೇಲುತ್ತದೆ. ಪಾದರಸದ ಸಾಂದ್ರತೆ 13.6 ಗ್ರಾಂ, ಹರಿಯುವುದು ಮಾತ್ರ ಹೆಚ್ಚುಕಡಿಮೆ ನೀರಿನಷ್ಟೇ ಸರಾಗ.

ಇನ್ನು ಲೆಕ್ಕ ಎಲ್ಲಿ ಮುರಿದು ಬೀಳುತ್ತದೆ ನೋಡಿ. ಸಲ್ಫ್ಯೂರಿಕ್ ಆಮ್ಲದ ಬಾಟಲಿಯ ಚೀಟಿಯಲ್ಲಿ ಎರಡು ಅಂಕಿಗಳಿರುತ್ತವೆ: 98%, ಮತ್ತು 1.84 ಗ್ರಾಂ ಪ್ರತಿ ಮಿಲಿಲೀಟರ್. ಪ್ರಶ್ನೆ, ಇದರ ಮೋಲಾರಿಟಿ, ಅಂದರೆ ಲೀಟರ್ ದ್ರಾವಣದಲ್ಲಿರುವ ಮೋಲ್, ಎಷ್ಟು? ಎರಡೂ ‘ಸಾಂದ್ರತೆ’ಯೇ ಎಂದುಕೊಂಡವರು ಒಂದನ್ನು ಬಿಟ್ಟು ಒಂದನ್ನು ಹಿಡಿಯುತ್ತಾರೆ. ಅವರ ಲೆಕ್ಕದಲ್ಲಿ 98% ಎಂದರೆ 100 ಮಿಲಿಲೀಟರಿನಲ್ಲಿ 98 ಗ್ರಾಂ, ಲೀಟರಿಗೆ 980 ಗ್ರಾಂ, ಮೋಲಾರ್ ದ್ರವ್ಯರಾಶಿ (ಒಂದು ಮೋಲಿನ ತೂಕ) 98ರಿಂದ ಭಾಗಿಸಿದರೆ 10 ಮೋಲಾರ್. ಅಂಕಿ ಎಷ್ಟು ನೀಟಾಗಿ ಬರುತ್ತದೆಂದರೆ ಅನುಮಾನವೇ ಹುಟ್ಟುವುದಿಲ್ಲ. ಆದರೆ ಅಲ್ಲಿನ 98% ತೂಕಕ್ಕೆ ತೂಕದ ಲೆಕ್ಕ: 100 ಗ್ರಾಂ ದ್ರಾವಣದಲ್ಲಿ 98 ಗ್ರಾಂ ಆಮ್ಲ. ಗ್ರಾಂನಿಂದ ಲೀಟರಿಗೆ ದಾಟಲು ಸೇತುವೆ ಬೇಕು, ಆ ಸೇತುವೆಯೇ ಸಾಂದ್ರತೆ. ಒಂದು ಲೀಟರ್ ದ್ರಾವಣದ ತೂಕ 1840 ಗ್ರಾಂ. ಅದರ 98% ಎಂದರೆ 1803.2 ಗ್ರಾಂ. 98ರಿಂದ ಭಾಗಿಸಿದರೆ 18.4 ಮೋಲಾರ್.

ಈ ತಪ್ಪು ಕಾಗದದ ಮೇಲೆ ನಿಲ್ಲುವುದಿಲ್ಲ. ಒಂದು ಲೀಟರ್ 1 ಮೋಲಾರ್ ದ್ರಾವಣ ಮಾಡಲು ಬೇಕಾದದ್ದು ಈ ಆಮ್ಲದ 54.3 ಮಿಲಿಲೀಟರ್. (ನೀರಿಗೆ ಆಮ್ಲವನ್ನು ನಿಧಾನವಾಗಿ ಬೆರೆಸಬೇಕು. ಆಮ್ಲಕ್ಕೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ.) ಹತ್ತು ಮೋಲಾರ್ ಎಂದು ನಂಬಿದವರು 100 ಮಿಲಿಲೀಟರ್ ಅಳೆದು ಹಾಕುತ್ತಾರೆ, ಸಿಗುವುದು 1.84 ಮೋಲಾರ್. 20 ಮಿಲಿಲೀಟರ್ 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡನ್ನು ತಟಸ್ಥಗೊಳಿಸಲು ಬ್ಯುರೆಟ್ಟಿನಿಂದ (ಅಳತೆಯ ಗೆರೆಗಳಿರುವ ಗಾಜಿನ ಕೊಳವೆ) 10 ಮಿಲಿಲೀಟರ್ ಇಳಿಯಬೇಕಿತ್ತು, 5.4ಕ್ಕೇ ಬಣ್ಣ ತಿರುಗುತ್ತದೆ. ಆಗ ಬೈಗುಳ ಬೀಳುವುದು ಬಣ್ಣ ತಿರುಗಿಸುವ ಸೂಚಕದ ಮೇಲೆ.

ಅದೇ ಬಾಟಲಿಯ ಮೋಲಾಲಿಟಿ, ಅಂದರೆ ಕಿಲೋಗ್ರಾಂ ನೀರಿಗೆ ಎಷ್ಟು ಮೋಲ್, ಕೇಳಿದರೆ? ಲೀಟರ್ ದ್ರಾವಣದಲ್ಲಿ ನೀರಿರುವುದು 36.8 ಗ್ರಾಂ ಮಾತ್ರ. 18.4 ಮೋಲನ್ನು 0.0368 ಕಿಲೋಗ್ರಾಂನಿಂದ ಭಾಗಿಸಿದರೆ 500. ಉತ್ತರ ತೀರಾ ದೊಡ್ಡದಾಯಿತೆಂದು ಹೆದರಿ ಹೊಡೆದುಹಾಕಬೇಡಿ, ಅದು ಸರಿಯೇ ಇದೆ.

ಸಾರತೆ ಏರಿದರೆ ಸಾಂದ್ರತೆಯೂ ಏರುತ್ತದಲ್ಲ, ಹಾಗಾದರೆ ಒಂದೇ ಪದ ಸಾಕು ಎಂದು ವಾದಿಸುವವರಿದ್ದಾರೆ. ಉಪ್ಪಿನ ನೀರು, ಸಕ್ಕರೆ ಪಾಕದಲ್ಲಿ ಹಾಗೆ ಆಗುತ್ತದೆ, ನಿಜ. ಅಮೋನಿಯಾ ದ್ರಾವಣವನ್ನು ತೆಗೆದುಕೊಳ್ಳಿ: 28% ದ್ರಾವಣದ ಸಾರತೆ ಸುಮಾರು 14.8 ಮೋಲಾರ್, ಸಾಂದ್ರತೆ ಮಾತ್ರ 0.90. ನೀರಿಗೆ ಅಮೋನಿಯಾ ಹೆಚ್ಚು ಕರಗಿಸಿದಷ್ಟೂ ದ್ರಾವಣ ಹಗುರವಾಗುತ್ತದೆ. ‘ಸಾಂದ್ರತೆ ಹೆಚ್ಚಿದಂತೆ’ ಎಂಬ ಆ ವಾಕ್ಯ ಇಲ್ಲಿ ಪೂರ್ತಿ ತಲೆಕೆಳಗು. ಇನ್ನೊಂದು ಬಲೆ ಏಕಮಾನದ್ದು. ನೂರು ಗ್ರಾಂ ಸಕ್ಕರೆ ಕರಗಿಸಿ ಒಂದು ಲೀಟರಿಗೆ ಸರಿಮಾಡಿದ ದ್ರಾವಣದ ಸಾರತೆ ಲೀಟರಿಗೆ 100 ಗ್ರಾಂ, ಸಾಂದ್ರತೆ ಲೀಟರಿಗೆ ಸುಮಾರು 1037 ಗ್ರಾಂ. ಎರಡಕ್ಕೂ ಏಕಮಾನ ಒಂದೇ, ಆದ್ದರಿಂದ ಅದನ್ನು ನೋಡಿ ಗುರುತಿಸಲಾಗದು. ಮೇಲಿರುವ ಗ್ರಾಂ ಕರಗಿದ ವಸ್ತುವಿನದೋ, ಇಡೀ ದ್ರಾವಣದ್ದೋ ಎಂದು ಕೇಳಿಕೊಳ್ಳಬೇಕು.

ಕೋವಿಡ್ ಕಾಲದಲ್ಲಿ ಮನೆಮಾತಾದ ‘ಆಮ್ಲಜನಕ ಸಾಂದ್ರಕ’ವೂ (ಆಕ್ಸಿಜನ್ ಕಾನ್ಸಂಟ್ರೇಟರ್) ಇದೇ ಗೊಂದಲದ ಕೂಸು. ಆ ಯಂತ್ರ ಆಮ್ಲಜನಕವನ್ನು ಒತ್ತಿ ದಟ್ಟ ಮಾಡಿ ಕೊಡುವುದಿಲ್ಲ. ಗಾಳಿಯಲ್ಲಿನ ಸಾರಜನಕವನ್ನು ಜಿಯೋಲೈಟ್ ಹರಳುಗಳ ಮೇಲೆ ಹಿಡಿದಿಟ್ಟು, 21% ಇದ್ದ ಆಮ್ಲಜನಕದ ಪಾಲನ್ನು 93%ರ ಆಸುಪಾಸಿಗೆ ಏರಿಸುತ್ತದೆ. ಸಾರತೆ ನಾಲ್ಕು ಪಟ್ಟು ದಾಟಿತು. ಅದೇ ಒತ್ತಡ, ಅದೇ ತಾಪದಲ್ಲಿ ಸಾಂದ್ರತೆ ಏರಿದ್ದು ಹತ್ತರಲ್ಲೊಂದು ಪಾಲಿನಷ್ಟು.

ಹಾಲಿನ ಡೇರಿಯ ಲ್ಯಾಕ್ಟೋಮೀಟರ್ ಮಾತ್ರ ಪದಕ್ಕೆ ನಿಷ್ಠೆಯಿಂದಿದೆ, ಅದು ಅಳೆಯುವುದು ಬರೀ ಸಾಂದ್ರತೆ. ಅದರ ಸೋಲೂ ಅಲ್ಲೇ. ಹಸುವಿನ ಹಾಲು ಸುಮಾರು 1.03, ಕೊಬ್ಬು ನೀರಿಗಿಂತ ಹಗುರವಾದ್ದರಿಂದ ಕೆನೆ ತೆಗೆದ ಹಾಲು 1.035ಕ್ಕೆ ಏರುತ್ತದೆ. ಮೇಲೆ ಒಂದಷ್ಟು ನೀರು ಸುರಿದರೆ ಮತ್ತೆ 1.03, ಕಲಬೆರಕೆ ತಿಳಿಯದೆ ಮೀಟರು ಸುಮ್ಮನೆ ತೇಲುತ್ತದೆ. ಅದಕ್ಕೇ ಫ್ಯಾಟನ್ನೂ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಅನ್ನೂ ಬೇರೆಬೇರೆಯಾಗಿ ನೋಡುವುದು.

ಸಾರತೆಯ ಜೊತೆ ಬೆರೆತುಹೋಗುವ ‘ಪ್ರಬಲ’ದ ಬಗ್ಗೆ ಒಂದೇ ಮಾತು: 0.01 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಸಾರರಿಕ್ತವೂ ಹೌದು, ಪ್ರಬಲವೂ ಹೌದು. ಪ್ರಬಲ ಎನ್ನುವುದು ಅಯಾನುಗಳಾಗಿ ಎಷ್ಟು ಪೂರ್ಣವಾಗಿ ಒಡೆಯುತ್ತದೆ ಎಂಬುದಕ್ಕೆ, ಎಷ್ಟು ನೀರು ಬೆರೆತಿದೆ ಎಂಬುದಕ್ಕಲ್ಲ.

ಗಣಿತದಲ್ಲಿ ಸಾಂದ್ರತೆಗೆ ದ್ರವ್ಯರಾಶಿಯ ಹಂಗೇ ಇಲ್ಲ. 2011ರ ಜನಗಣತಿಯಂತೆ ಕರ್ನಾಟಕದ ಜನಸಾಂದ್ರತೆ ಚದರ ಕಿಲೋಮೀಟರಿಗೆ 319, ಇದು ತಲೆಗಳ ಲೆಕ್ಕ. ಸಂಭವನೀಯತಾ ಸಾಂದ್ರತೆಯೂ ಹೀಗೆ ‘ಇಷ್ಟು ಅಗಲಕ್ಕೆ ಇಷ್ಟು’ ಎನ್ನುವ ಮಾತು. ಸೊನ್ನೆಯಿಂದ 0.5ರವರೆಗೆ ಸಮನಾಗಿ ಹರಡಿದ ಚರಾಂಶಕ್ಕೆ ಸಾಂದ್ರತೆ 2 ಎಂದು ಬಂದ ಕೂಡಲೇ, ಸಂಭವನೀಯತೆ 1 ದಾಟಬಾರದಲ್ಲ ಎಂದು ಉತ್ತರ ಅಳಿಸುವವರು ಬಹಳ. ದಾಟಬಾರದ್ದು ಸಂಭವನೀಯತೆ, ಅಂದರೆ ರೇಖೆಯ ಕೆಳಗಿನ ವಿಸ್ತೀರ್ಣ. ಎತ್ತರ 2, ಅಗಲ 0.5, ಗುಣಿಸಿದರೆ ಸರಿಯಾಗಿ 1.