ಆರನೇ ದಿನದ ತಲೆಎಣಿಕೆ: ಕಾಸರಗೋಡಿನ ಕನ್ನಡ ಶಾಲೆಗಳ ಹಿನ್ನೆಲೆ

ಕಾಸರಗೋಡಿನ ಕನ್ನಡ ಶಾಲೆಗಳ ಹಣೆಬರಹ ಪ್ರತಿವರ್ಷ ಜೂನ್ ತಿಂಗಳ ಆರನೇ ಕೆಲಸದ ದಿನ ನಿರ್ಧಾರವಾಗುತ್ತದೆ. ಅಂದಿನ ಮಕ್ಕಳ ಲೆಕ್ಕದ ಮೇಲೆ ಕೇರಳದ ಶಿಕ್ಷಣ ಇಲಾಖೆ ಅಧ್ಯಾಪಕ ಹುದ್ದೆ ನಿಗದಿ ಮಾಡುತ್ತದೆ: ಎಲ್‌ಪಿಯಲ್ಲಿ (ಕಿರಿಯ ಪ್ರಾಥಮಿಕ) 30 ಮಕ್ಕಳಿಗೊಬ್ಬರು, ಯುಪಿಯಲ್ಲಿ (ಹಿರಿಯ ಪ್ರಾಥಮಿಕ) 35ಕ್ಕೊಬ್ಬರು. ಮಕ್ಕಳು ಕಡಿಮೆಯಾಗಿ ತರಗತಿಯ ಒಂದು ಡಿವಿಷನ್ (ವಿಭಾಗ) ತಪ್ಪಿದರೆ ಹುದ್ದೆ ತಪ್ಪುತ್ತದೆ. ಹುದ್ದೆ ತಪ್ಪಿದ ಶಾಲೆಯನ್ನು ಮರುವರ್ಷ ಹೆತ್ತವರೂ ಬಿಡುತ್ತಾರೆ.

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳ ಸೇರಿತು. ಶಾಲೆಗಳು ಇದ್ದಲ್ಲೇ ಉಳಿದವು, ಆದೇಶ ಬರುವ ದಿಕ್ಕು ಮಾತ್ರ ಬದಲಾಯಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆನ್ನುವ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದೂ ಅದೇ ವರ್ಷ. ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ (ಇಂದಿನ ಕರ್ನಾಟಕ) ಸೇರಲಿ ಎಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿತು, ಅದು ಜಾರಿಯಾಗಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಯವರು ಕಾಸರಗೋಡಿನ ಪೆರಡಾಲದ ಶಾಲೆಯಲ್ಲಿ ಪಾಠ ಹೇಳುತ್ತಲೇ ಕರ್ನಾಟಕದೊಂದಿಗೆ ವಿಲೀನದ ಚಳವಳಿಗೆ ದನಿಯಾದರು. ಗಡಿಯ ಪ್ರಶ್ನೆಗೆ ಸಿಕ್ಕಿದಷ್ಟು ಗಮನ ತರಗತಿಯ ಪ್ರಶ್ನೆಗೆ ಸಿಗಲಿಲ್ಲ ಎನ್ನದೆ ವಿಧಿಯಿಲ್ಲ.

2017ರ ಮಲಯಾಳ ಕಡ್ಡಾಯ ಕಲಿಕೆ ಕಾಯ್ದೆಯ ವಿರುದ್ಧ ಗಡಿನಾಡು ಬೀದಿಗಿಳಿಯಿತು. ಅದಕ್ಕಿಂತ ದೊಡ್ಡ ಪೆಟ್ಟು ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ಹುದ್ದೆಗೆ ನೇಮಕವಾಗಿ ಬರುವುದು. ಗಣಿತದಲ್ಲಿ ಸಂಖ್ಯೆ, ಚಿಹ್ನೆಗಳಿಂದ ಹೇಗೋ ಸಾಗಬಹುದು. ಸಮಾಜ ವಿಜ್ಞಾನದಲ್ಲಿ ಮಕ್ಕಳು ಪ್ರಶ್ನೆ ಕೇಳುವುದನ್ನೇ ನಿಲ್ಲಿಸುತ್ತಾರೆ, ಅಧ್ಯಾಪಕರು ಗೈಡಿನ ಉತ್ತರ ಬರೆಸುತ್ತಾರೆ. ನಷ್ಟ ಕಣ್ಣಿಗೆ ಬೀಳುವ ಹೊತ್ತಿಗೆ ಓಣಂ ಪರೀಕ್ಷೆ (ವರ್ಷದ ಮೊದಲ ಅವಧಿಯ ಪರೀಕ್ಷೆ) ಮುಗಿದಿರುತ್ತದೆ. ಹಾಗಾಗಿ ದೂರು ಮೊದಲ ವಾರದಲ್ಲೇ ಹೋಗಬೇಕು: ವೇಳಾಪಟ್ಟಿ, ಪಿಟಿಎ (ಹೆತ್ತವರ-ಅಧ್ಯಾಪಕರ ಸಂಘ) ನಿರ್ಣಯ, ಬಾಧಿತ ತರಗತಿಗಳ ಪಟ್ಟಿ ಸಹಿತ, ಲಿಖಿತವಾಗಿ. ಬಾಯಿಮಾತಿನ ದೂರಿಗೆ ಕಡತ ಹುಟ್ಟುವುದಿಲ್ಲ. ದಿನವೇತನದ ನೇಮಕದ ಸಂದರ್ಶನದಲ್ಲಿ ಪ್ರಮಾಣಪತ್ರ ನೋಡಿದರೆ ಸಾಲದು, ಪಠ್ಯದ ಒಂದು ಪುಟ ಓದಿಸಿ ಹತ್ತು ನಿಮಿಷ ಕನ್ನಡದಲ್ಲೇ ಪಾಠ ಮಾಡಿಸಬೇಕು.

ಮಕ್ಕಳ ಸಂಖ್ಯೆ ಹೆಚ್ಚಿಸುವ ಕೆಲಸ ಮೇ ಕೊನೆಯ ಮನೆಭೇಟಿಗೆ ಕಾಯಬಾರದು. ಅಷ್ಟರಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಗೆ ಫೀಸು ಕಟ್ಟಿ ಆಗಿರುತ್ತದೆ. ಜನವರಿ, ಫೆಬ್ರವರಿಯಲ್ಲೇ ಅಂಗನವಾಡಿಯ ಮಕ್ಕಳನ್ನೂ ತಾಯಂದಿರನ್ನೂ ಶಾಲೆಗೆ ಕರೆಸಿ, ಒಂದನೇ ತರಗತಿಯ ಟೀಚರನ್ನು ಪರಿಚಯಿಸುವುದು ಹೆಚ್ಚು ಫಲ ಕೊಡುತ್ತದೆ.

ಒಂದನೇ ತರಗತಿಗೆ ಬರುವ ಎಷ್ಟೋ ಮಕ್ಕಳ ಮನೆಮಾತು ತುಳು, ಬ್ಯಾರಿ, ಕೊಂಕಣಿ, ಮಲಯಾಳ ಅಥವಾ ಮರಾಠಿ. ಅಂಥವರಿಗೆ ಜೂನಿನಲ್ಲೇ ಅಕ್ಷರ ತಿದ್ದಿಸಿದರೆ ಅರ್ಥವಾಗದ ಮಾತನ್ನು ಬರೆಸಿದಂತೆ. ಮೊದಲ ಆರೆಂಟು ವಾರ ಹಾಡು, ಕತೆ, ಮಾತುಕತೆಗೆ ಮೀಸಲಿಡಬೇಕು; ಮನೆಮಾತಿನಲ್ಲಿ ಬಂದ ಉತ್ತರವನ್ನು ಒಪ್ಪಿ, ಅದನ್ನೇ ಕನ್ನಡದಲ್ಲಿ ಮರಳಿ ಹೇಳಬೇಕು.

ಇನ್ನೊಂದು ತುದಿಯಲ್ಲಿ ಪ್ಲಸ್ ವನ್, ಅಂದರೆ ಹನ್ನೊಂದನೇ ತರಗತಿ. ಹತ್ತರವರೆಗೆ ‘ದ್ಯುತಿಸಂಶ್ಲೇಷಣೆ’ ಓದಿದವರಿಗೆ ಅಲ್ಲಿ ದಿಢೀರನೆ ‘ಫೋಟೋಸಿಂಥೆಸಿಸ್’ ಎದುರಾಗುತ್ತದೆ. ಕನ್ನಡ ಮೀಡಿಯಂ ಬೇಡ ಎನ್ನುವ ಹೆತ್ತವರ ಭಯವೂ ಇದೇ, ಅದು ಹುಸಿಯಲ್ಲ. ಎಂಟನೇ ತರಗತಿಯಿಂದಲೇ ಬೋರ್ಡಿನ ಬಲಬದಿಯಲ್ಲಿ ಪಾಠಕ್ಕೆ ಐದಾರು ಇಂಗ್ಲಿಷ್ ಪದ ಬರೆದು, ವಿವರಣೆ ಕನ್ನಡದಲ್ಲೇ ಕೊಟ್ಟರೆ ಆ ಹೊಡೆತ ತಗ್ಗುತ್ತದೆ. ಎಲ್ಲ ವಿಷಯದವರೂ ಒಂದೇ ಪದಪಟ್ಟಿ ಬಳಸುವಂತೆ ಎಸ್‌ಆರ್‌ಜಿ (ಶಾಲೆಯ ಅಧ್ಯಾಪಕರ ಗುಂಪು) ಸಭೆಯಲ್ಲಿ ನಿಗದಿ ಮಾಡಿಸುವುದು ಹೆಡ್ಮಾಸ್ಟರ ಕೆಲಸ.