ಅಬೊರಿಜಿನಲ್ ಯುವಜನರಲ್ಲಿ ಲೈಂಗಿಕ ಸೋಂಕು ಹೆಚ್ಚಲು ಅವರ ಜೀವನಕ್ರಮ ಕಾರಣವೇ?

ಪ್ರಶ್ನೆ: ನರ್ಸ್ ಕೆಲಸಕ್ಕೆಂದು ಆಸ್ಟ್ರೇಲಿಯಾದ ಡಾರ್ವಿನ್‌ಗೆ ಹೊರಟಿದ್ದೇನೆ. ಅಲ್ಲಿನ ಮೂಲನಿವಾಸಿ (ಅಬೊರಿಜಿನಲ್) ಯುವಜನರಲ್ಲಿ ಲೈಂಗಿಕ ಸೋಂಕು ಬಹಳ ಎಂದು ಎಲ್ಲರೂ ಹೇಳುತ್ತಾರೆ. ಅವರ ಜೀವನಕ್ರಮವೇ ಹಾಗೆಯೇ?

ಉತ್ತರ: ಅಲ್ಲ. ಈ ಮಾತನ್ನು ತಲೆಯಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗಬೇಡಿ. ನಿಮ್ಮೆದುರು ಕುಳಿತ ಹದಿನೆಂಟರ ಹುಡುಗಿ ಅದನ್ನು ನಿಮ್ಮ ಮುಖದಲ್ಲೇ ಓದಿಬಿಡುತ್ತಾಳೆ.

ಸೋಂಕು ಹೆಚ್ಚಿರುವುದು ನಿಜ. 2011ರಲ್ಲಿ ಕ್ವೀನ್ಸ್‌ಲ್ಯಾಂಡಿನ ವಾಯವ್ಯ ಭಾಗದಲ್ಲಿ ತಲೆಯೆತ್ತಿದ ಸಿಫಿಲಿಸ್ ಎಂಬ ಲೈಂಗಿಕ ಸೋಂಕು, ಡಾರ್ವಿನ್ ಇರುವ ನಾರ್ದರ್ನ್ ಟೆರಿಟರಿಗೆ, ಪಶ್ಚಿಮದ ಕಿಂಬರ್ಲಿಗೆ, 2016ರಲ್ಲಿ ದಕ್ಷಿಣ ಆಸ್ಟ್ರೇಲಿಯಾಕ್ಕೆ ಹಬ್ಬಿತು. ಹೆಚ್ಚಾಗಿ ಬಾಧಿತರಾದವರು 15ರಿಂದ 29 ವರ್ಷದವರು.

ಏಕೆ ಹಬ್ಬಿತು ಎಂಬುದನ್ನು ನೋಡಿ. ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ಕೆಲವು ವಾರಗಳಲ್ಲಿ ತಾನೇ ಮಾಯುತ್ತದೆ. ವಾಸಿಯಾಯಿತೆಂದು ಹುಡುಗ ಸುಮ್ಮನಾಗುತ್ತಾನೆ, ರೋಗ ಒಳಗೇ ಇರುತ್ತದೆ. ದೂರದ ಊರಿನಲ್ಲಿ ತೆಗೆದ ರಕ್ತ ನೂರಾರು ಕಿಲೋಮೀಟರ್ ಆಚೆಯ ಪ್ರಯೋಗಾಲಯಕ್ಕೆ ಹೋಗಿ ಫಲಿತಾಂಶ ಬರುವಷ್ಟರಲ್ಲಿ ಅವನು ನೆಂಟರ ಊರಿಗೋ ಫುಟ್‌ಬಾಲ್ ಪಂದ್ಯಕ್ಕೋ ಹೊರಟುಹೋಗಿರುತ್ತಾನೆ. ಹೀಗೆ ಚಿಕಿತ್ಸೆಯಾಗದ ಸೋಂಕು ಸಣ್ಣ ಊರಿನಲ್ಲಿ ಬೀಡುಬಿಟ್ಟರೆ, ಸಿಡ್ನಿಯ ಹುಡುಗನಷ್ಟೇ ಎಚ್ಚರದಿಂದಿರುವವನಿಗೂ ಅದು ತಗಲುವ ಸಾಧ್ಯತೆ ಹೆಚ್ಚು. 2018ರಿಂದ ಮೂಲನಿವಾಸಿಗಳೇ ನಡೆಸುವ ಆರೋಗ್ಯ ಕೇಂದ್ರಗಳಿಗೆ, ಬೆರಳ ತುದಿಯ ರಕ್ತದಿಂದ ಸುಮಾರು 15 ನಿಮಿಷದಲ್ಲಿ ಉತ್ತರ ಕೊಡುವ ಪರೀಕ್ಷೆ ಬಂತು. ಆರಂಭದ ಹಂತದ ರೋಗವಾದರೆ ಪೆನಿಸಿಲಿನ್ ಚುಚ್ಚುಮದ್ದನ್ನು ಆ ಭೇಟಿಯಲ್ಲೇ ಕೊಟ್ಟು ಕಳುಹಿಸಬಹುದು. (ಹಿಂದೆ ಚಿಕಿತ್ಸೆ ಪಡೆದವರಲ್ಲೂ ಈ ಪರೀಕ್ಷೆ ಪಾಸಿಟಿವ್ ತೋರಿಸಬಹುದು. ಹಳೆಯ ದಾಖಲೆ ನೋಡಿ.)

ಇನ್ನು ಸಂಸ್ಕೃತಿಯ ಮಾತು. ನಮ್ಮಲ್ಲಿ ಬಳಿ, ಬೆಡಗು ನೋಡಿ ಸಂಬಂಧ ಬೆಳೆಸುವಂತೆ, ಅಲ್ಲಿಯೂ ಯಾರು ಯಾರನ್ನು ವರಿಸಬಹುದು, ಯಾರೊಡನೆ ಸಲುಗೆ ಸಲ್ಲದು ಎಂಬ ಕಟ್ಟುನಿಟ್ಟಿದೆ. ಅದನ್ನು ಕಲಿಸುತ್ತಿದ್ದವರು ಮನೆಯ ಹಿರಿಯರು. ಸುಮಾರು 1910ರಿಂದ 1970ರ ದಶಕದವರೆಗೆ ಸರ್ಕಾರ ಮತ್ತು ಚರ್ಚ್ ಸಂಸ್ಥೆಗಳು ಮಕ್ಕಳನ್ನು ತಾಯಂದಿರ ಕೈಯಿಂದ ಕಿತ್ತುಕೊಂಡು ಹೋದವು. ಎಷ್ಟೋ ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ಬರಬೇಕಾದ ತಿಳಿವಳಿಕೆ ಅಲ್ಲಿಗೇ ತುಂಡಾಯಿತು. ಇದನ್ನು ಮರೆತು ಅವರ ಜೀವನಕ್ರಮವನ್ನು ದೂರುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಅವರೇ ಮಾತಿಗೆ ನಿಂತಾಗ ಏನಾಗುತ್ತದೆ ಎಂಬುದಕ್ಕೆ 1987ರ ಒಂದು ಉದಾಹರಣೆ ನನಗೆ ಬಹಳ ಇಷ್ಟ. ಆ ವರ್ಷ ಏಡ್ಸ್ ಬಗ್ಗೆ ಟಿವಿಯಲ್ಲಿ ಬಂದ ಸರ್ಕಾರಿ ಜಾಹೀರಾತಿನಲ್ಲಿ, ಮೃತ್ಯುವಿನ ವೇಷದ ಆಕೃತಿಯೊಂದು ಬೌಲಿಂಗ್ ಚೆಂಡು ಎಸೆದು ಗಂಡಸು, ಹೆಂಗಸು, ಮಕ್ಕಳನ್ನು ಉರುಳಿಸುತ್ತಿತ್ತು. ಬರೀ ಭಯ. ಟೌನ್ಸ್‌ವಿಲ್‌ನ ಮೂಲನಿವಾಸಿ ನರ್ಸ್ ಗ್ರೇಸ್ಲಿನ್ ಸ್ಮಾಲ್‌ವುಡ್ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ತಮ್ಮ ಜನ ಮೆಚ್ಚಿ ಓದುತ್ತಿದ್ದ ಕಾಮಿಕ್ಸ್ ವೀರ ಫ್ಯಾಂಟಮ್‌ನ ಮಾದರಿಯಲ್ಲಿ ‘ಕಾಂಡೋಮ್ಯಾನ್’ ಎಂಬ ಕಪ್ಪು ಮೈಬಣ್ಣದ ವೀರನನ್ನು ಸೃಷ್ಟಿಸಿದರು. ನಾಚಿಕೆ ಬಿಟ್ಟು ಕಾಂಡೋಮ್ ಬಳಸಿ ಎಂದು ಅವನು ಪೋಸ್ಟರಿನಿಂದ ಹೇಳುತ್ತಿದ್ದ.

ಒಲ್ಲದ ಸಂಬಂಧಕ್ಕೆ ಬೇಡ ಎನ್ನುವುದು, ಸಂಗಾತಿಯ ಮೊಬೈಲ್ ಕೆದಕುವುದು ಪ್ರೀತಿಯಲ್ಲ ಎಂದು ತಿಳಿಯುವುದು ಕೂಡ ಹೀಗೆ ನಂಬಿಕೆಯ ಬಾಯಿಂದ ಬಂದರೇ ನಾಟುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ‘ಮೂಡಿಚ್’ ಕಾರ್ಯಕ್ರಮದಲ್ಲಿ ಹನ್ನೊಂದರಿಂದ ಹದಿನಾಲ್ಕರ ಮಕ್ಕಳೊಡನೆ ಈ ಮಾತು ನಡೆಯುತ್ತದೆ.

ನೀವು ಮಾಡಬಹುದಾದದ್ದು ಇಷ್ಟು. ಗಂಡಸರ ವಿಷಯ ಗಂಡಸರೊಡನೆ, ಹೆಂಗಸರ ವಿಷಯ ಹೆಂಗಸರೊಡನೆ ಎಂಬುದು ಅಲ್ಲಿ ಗಂಭೀರ ನಿಯಮ. ಹುಡುಗ ಬಂದರೆ ಪುರುಷ ಸಿಬ್ಬಂದಿ ಇದ್ದಾರೆಯೇ ನೋಡಿ. ಕಾಯುವ ಕೋಣೆಯಲ್ಲಿ ಅವನ ಅತ್ತೆಯೇ ಕುಳಿತಿರಬಹುದು, ಅಲ್ಲಿ ಏನನ್ನೂ ಕೇಳಬೇಡಿ. ಮೂಲನಿವಾಸಿಗಳಿಗೆ ಮೆಡಿಕೇರ್ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಭರಿಸುವ ‘715’ ಎಂಬ ವಾರ್ಷಿಕ ಆರೋಗ್ಯ ತಪಾಸಣೆ ಇದೆ. ರಕ್ತದೊತ್ತಡ, ಸಕ್ಕರೆಯ ಜೊತೆಗೆ, ಅವನ ಒಪ್ಪಿಗೆ ಪಡೆದು, ಸಿಫಿಲಿಸ್ ಪರೀಕ್ಷೆಯನ್ನೂ ಅದರೊಳಗೇ ಮಾಡಿಸಿದರೆ ಅವನು ಬಂದ ಕಾರಣ ಊರಿಗೆ ತಿಳಿಯುವುದಿಲ್ಲ.